ಸತ್ಯವತಿ ಟೀಚರ ಎಡಗೈ ಬೆರಳು

ದೆವ್ವ ಕಂಡೆ ಎಂದು ಯಾರಾದರೂ ಬಂದರೆ, ಮೊದಲು ಹೊಟ್ಟೆ ತುಂಬ ಊಟ ಮಾಡಿ ಸರಿಯಾಗಿ ನಿದ್ದೆ ಮಾಡು ಎಂದು ಹೇಳಿ ಕಳಿಸುವವಳು ನಾನು. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ತಿರುವನಂತಪುರದ ಶ್ರೀಕಾರ್ಯಂನ ಆ ಮನೆಯಲ್ಲಿ ಆ ರಾತ್ರಿ ಆದದ್ದು ಆದದ್ದೇ. ಒಂದಕ್ಷರ ಕೂಡ ಸೇರಿಸದೆ ಹೇಳುತ್ತಿದ್ದೇನೆ. ನಿಮ್ಮನ್ನು ನಂಬಿಸಿ ನನಗೆ ಆಗಬೇಕಾದದ್ದು ಏನೂ ಇಲ್ಲ, ನಂಬಬೇಕಾಗಿದ್ದವರೇ ನಂಬಲಿಲ್ಲ.

ನನ್ನ ಊರು ಕುಂಬಳೆಯ ಹತ್ತಿರ, ಆಗ ಕೆಲಸ ಕೊಚ್ಚಿಯಲ್ಲಿ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಿಂದೆ ಹಡಗಿನ ಕಂಪೆನಿಯೊಂದರ ಆಫೀಸು ಇದ್ದ ಕಟ್ಟಡದ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಹಳೆಯ ಟೇಪುಗಳಲ್ಲಿ ಉಳಿದಿರುವ ಸದ್ದನ್ನು ಕಂಪ್ಯೂಟರಿಗೆ ಇಳಿಸಿ, ಅದರ ಗರಗರ, ಚಟಪಟ ತೆಗೆದು, ಮತ್ತೆ ಕೇಳುವ ಹಾಗೆ ಮಾಡುವುದು ನಮ್ಮ ಕಸುಬು. ಟೇಪಿನಿಂದ ಇಳಿಸುವವರು ಯಜಮಾನರಾದ ಜೋಬಿ ಸಾರ್. ಇಳಿಸಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ತೊಳೆಯುವವಳು ನಾನು. ಅಗಸರ ಕೆಲಸವೇ ಅನ್ನಿ, ಬಟ್ಟೆಯ ಬದಲು ಸದ್ದು.

ಒಂದು ದಿನ ತಿರುವನಂತಪುರದಿಂದ ರಾಧಿಕ ಚೇಚಿ ಎಂಬವರು ಎರಡು ರಟ್ಟಿನ ಪೆಟ್ಟಿಗೆ ತುಂಬ ಟೇಪಿನ ಸುರುಳಿಗಳನ್ನು ತಂದರು. ಚೇಚಿ ಎಂದರೆ ಅಕ್ಕ. ಮುಚ್ಚಳ ತೆಗೆದ ಕೂಡಲೇ ಇಡೀ ಕೋಣೆ ವಿನಿಗರ್ ವಾಸನೆ ಹೊಡೆಯಿತು. ಹಳೆಯ ಟೇಪು ಕೊಳೆಯುವಾಗ ಬರುವ ವಾಸನೆ ಅದು. ಅವು ಅವರ ಅಮ್ಮನವು, ಸತ್ಯವತಿ ಟೀಚರವು. ಟೀಚರು ಮೂಲತಃ ಮಂಜೇಶ್ವರದ ಕಡೆಯ ಕನ್ನಡದವರು. ಮಲಯಾಳಿಯೊಬ್ಬರನ್ನು ಮದುವೆಯಾಗಿ ತಿರುವನಂತಪುರ ಸೇರಿ, ಅಲ್ಲಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಟೇಪಿನಲ್ಲಿ ಅಮ್ಮನ ವೀಣೆ ಇರಬಹುದು ಎಂದು ಚೇಚಿ ಅಂದುಕೊಂಡಿದ್ದರು.

ವೀಣೆ ಇರಲಿಲ್ಲ. ಹಾಡು ಇರಲಿಲ್ಲ, ತಾಳ ಇರಲಿಲ್ಲ. ರೇಡಿಯೋ ರಿಪೇರಿಯವರು ಬಳಸುವ ಆಸಿಲೇಟರ್ ಎಂಬ ಪೆಟ್ಟಿಗೆಯ ಕುಂಯ್ ಎನ್ನುವ ಸದ್ದು, ಕಂಚಿನ ಝೇಂಕಾರ, ಎಲ್ಲೋ ದೂರದ ರೈಲು. ಇವನ್ನೆಲ್ಲ ಟೇಪಿನಲ್ಲಿ ಹಿಡಿದು, ಆ ಟೇಪನ್ನು ಕತ್ತರಿಯಿಂದ ಕತ್ತರಿಸಿ, ಅಂಟಿಸಿ, ಒಂದರ ಮೇಲೊಂದು ಪೇರಿಸಿ ಟೀಚರು ಸಂಗೀತ ಕಟ್ಟಿದ್ದರು. ಇವತ್ತು ಇಂಥದಕ್ಕೆ ಸ್ಟುಡಿಯೋಗಳಿವೆ, ಕೋರ್ಸುಗಳಿವೆ. ಅಂದಿನ ಕಾಲದಲ್ಲಿ ಒಬ್ಬ ಹೆಂಗಸು, ಮಕ್ಕಳಿಗೆ ಅನ್ನ ಬಡಿಸಿ, ಪಾತ್ರೆ ತೊಳೆದಿಟ್ಟು, ಹಿತ್ತಲ ಕೋಣೆಯಲ್ಲಿ ಒಬ್ಬಳೇ ಕೂತು ಇದನ್ನು ಮಾಡಿದ್ದಳು. ಯಾರೂ ಕೇಳಿರಲಿಲ್ಲ. ಗಂಡ ಕೂಡ ಆ ಕೋಣೆಗೆ "ಗಿರಣಿ" ಎಂದು ಹೆಸರಿಟ್ಟಿದ್ದನಂತೆ.

ಜೋಬಿ ಸಾರ್ ಹುಚ್ಚೇ ಹಿಡಿದವರ ಹಾಗೆ ಕುಣಿದರು. ಈ ದೇಶದಲ್ಲಿ ಇಷ್ಟು ಹಿಂದೆ ಇಂಥದನ್ನು ಮಾಡಿದವರು ಎಷ್ಟು ಮಂದಿ ಇದ್ದಾರು ಎಂದು ಎಲ್ಲರಿಗೂ ಫೋನು ಮಾಡಿ ಹೇಳಿದರು. ನಾನು ವಾರಗಟ್ಟಲೆ ಅದನ್ನು ತೊಳೆದೆ. ಎಲ್ಲಕ್ಕಿಂತ ಉದ್ದದ ತುಣುಕಿಗೆ ಜೋಬಿ ಸಾರ್ "ಉದಯಂ" ಎಂದು ಹೆಸರಿಟ್ಟರು. ಅದು ಮೌನದಿಂದ ಸುರುವಾಗಿ, ಎಲ್ಲಿಂದಲೋ ಉಸಿರು ಎಳೆದುಕೊಳ್ಳುತ್ತ ದೊಡ್ಡದಾಗುತ್ತ, ಕೊನೆಗೆ ಕಂಚು ಹೊಡೆದ ಹಾಗೆ ಫಕ್ಕನೆ ನಿಲ್ಲುತ್ತಿತ್ತು. ನಿಂತ ಮೇಲೆ ಒಂದು ಹೆಣ್ಣು ದನಿ... ಯಾವ ಭಾಷೆಯೂ ಅಲ್ಲದ, ಗಂಟಲಿನೊಳಗೇ ಮಡಚಿಹೋಗುವ ಎರಡು ಶಬ್ದ.

ಹೊರದೇಶದ ವಿಮರ್ಶಕನೊಬ್ಬ ಆ ಎರಡು ಶಬ್ದಗಳ ಬಗ್ಗೆಯೇ ಒಂದು ಪುಟ ಬರೆದ. ಅದು ಸತ್ತುಹೋದ ಯಾವುದೋ ಭಾಷೆಯ ಮಂತ್ರದಂತೆ ಇದೆ ಎಂದ. ಉದಯಂ ಕೇಳಿದರೆ ಭೂಮಿ ಹುಟ್ಟುವುದನ್ನು ಕೇಳಿದ ಹಾಗಾಗುತ್ತದೆ ಎಂದ. ನಾವು ಅದನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದೆವು. ಅರ್ಥವಾಗದ್ದನ್ನು ಹೊಗಳುವಷ್ಟು ಸುಲಭದ ಕೆಲಸ ಲೋಕದಲ್ಲಿ ಬೇರೆ ಇಲ್ಲ.

ಆಲ್ಬಮ್ ಬಿಡುಗಡೆಗೆ ಕೊಚ್ಚಿಯಲ್ಲಿ ಒಂದು ಸಭೆ ಇಟ್ಟುಕೊಂಡಿದ್ದರು. ಟೀಚರನ್ನು ಗಾಲಿ ಕುರ್ಚಿಯಲ್ಲಿ ಕರೆತಂದರು. ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು, ಬಲಗಡೆ ಬಿದ್ದುಹೋಗಿತ್ತು. ಬಿಳಿ ಸೀರೆ, ಬೆಳ್ಳಗೆ ತೆಳುವಾದ ಕೂದಲು. ನೋಟ ಮಾತ್ರ ಪರೀಕ್ಷೆಯ ಕೋಣೆಯಲ್ಲಿ ನಿಂತ ಟೀಚರದೇ. ನಾನು ಬಗ್ಗಿ, "ಟೀಚರ್, ನಾನು ಕುಂಬಳೆಯವಳು" ಎಂದು ಕನ್ನಡದಲ್ಲಿ ಹೇಳಿದೆ. ಅವರು ನನ್ನನ್ನು ನೋಡಿದ ರೀತಿಯನ್ನು ಈಗಲೂ ಮರೆತಿಲ್ಲ. ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಬಸ್ಸು ಬಂದಿತು ಎಂಬ ಹಾಗೆ ನೋಡಿದರು.

ಉದಯಂ ಹಾಕಿದರು. ಟೀಚರ ಮುಖ ಒಮ್ಮೆಲೇ ಬಿಗಿಯಿತು. ಎಡಗೈ ತೋರುಬೆರಳು ಮೇಲೆದ್ದಿತು. ಗಡಿಯಾರದ ಮುಳ್ಳು ತಿರುಗುವ ಹಾಗೆ ಗಾಳಿಯಲ್ಲಿ ಒಂದು ಸುತ್ತು, ಮತ್ತೊಂದು ಸುತ್ತು... ಬಿಡದೆ ತಿರುಗಿಸುತ್ತಲೇ ಇದ್ದರು. ನೋಡಿ, ತಾಳ ಹಾಕುತ್ತಿದ್ದಾರೆ ಎಂದು ಯಾರೋ ಪಿಸುಗುಟ್ಟಿದರು. ಮೊಬೈಲುಗಳು ಮೇಲೆದ್ದವು.

ಮುಗಿದ ಮೇಲೆ ಟೀಚರು ನನ್ನ ಕೈ ಎಳೆದುಕೊಂಡು ಅಂಗೈ ಮೇಲೂ ಅದೇ ಸುತ್ತು ಬರೆದರು. ಉಗುರು ಒತ್ತಿ, ನೋಯುವ ಹಾಗೆ. ಚೇಚಿ ನನ್ನ ಮುಖ ನೋಡಿದರು, ಜೋಬಿ ಸಾರ್ ನನ್ನ ಮುಖ ನೋಡಿದರು. ಕನ್ನಡದವಳು ನಾನೊಬ್ಬಳೇ ಅಲ್ಲವೇ, ನನಗೆ ಅರ್ಥವಾಗಿರಬೇಕು ಎಂದು. ಇನ್ನೊಮ್ಮೆ ಬೇಕಂತೆ ಎಂದೆ ನಾನು. ಸಭೆ ಚಪ್ಪಾಳೆ ತಟ್ಟಿತು. ಇನ್ನೊಮ್ಮೆ ಹಾಕಿದರು.

ಎರಡನೆಯ ಸಲ ಟೀಚರು ಬೆರಳು ಎತ್ತಲಿಲ್ಲ. ಕಣ್ಣು ಮುಚ್ಚಿಕೊಂಡರು, ನೀರು ಇಳಿಯಿತು. ಆನಂದದ ಕಣ್ಣೀರು ಎಂದು ಮರುದಿನ ಪೇಪರಿನಲ್ಲಿ ಫೋಟೋ ಬಂತು. ಆ ತಿಂಗಳು ಮುಗಿಯುವುದರೊಳಗೆ ಟೀಚರು ಹೋಗಿಬಿಟ್ಟರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಚೇಚಿ ಸ್ಟುಡಿಯೋಗೆ ಫೋನು ಮಾಡಿದರು. ಹಿತ್ತಲ ಕೋಣೆಯಲ್ಲಿ ಇನ್ನೊಂದು ಸುರುಳಿ ಉಳಿದಿದೆ, ಅಮ್ಮನ ಮೆಷಿನಿನ ಮೇಲೆಯೇ ಇದೆ, ಬೇಕಿದ್ದರೆ ಬಂದು ತೆಗೆದುಕೊಳ್ಳಿ. ಆ ಕೋಣೆಯನ್ನು ಇಂಜಿನಿಯರಿಂಗ್ ಕಾಲೇಜಿನ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಿದ್ದೇವೆ, ಪೈಂಟಿನವರು ನಾಳೆಯೇ ಬರುತ್ತಾರೆ ಎಂದರು. ಜೋಬಿ ಸಾರ್ ನನ್ನನ್ನು ಅಟ್ಟಿದರು. ನಾನು ಅಲ್ಲಿ ತಲುಪುವಾಗ ಕತ್ತಲು ಕವಿದಿತ್ತು. ಇಷ್ಟು ಹೊತ್ತಿನಲ್ಲಿ ಹೊರಡಬೇಡ ಮೋಳೆ, ಇಲ್ಲೇ ಮಲಗು ಎಂದು ಚೇಚಿ ಒತ್ತಾಯ ಮಾಡಿದರು. ಮೋಳೆ ಎಂದರೆ ಮಗಳೇ ಎಂದು. ಹಾಗೆ ಕರೆದರೆ ಬೇಡ ಎನ್ನುವುದು ಹೇಗೆ?

ಚೇಚಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮಲಯಾಳ. ಅಮ್ಮ ಕನ್ನಡದಲ್ಲಿ ಬೈದರೆ ತಾನು ಮಲಯಾಳದಲ್ಲಿ ಎದುರು ಮಾತಾಡುತ್ತಿದ್ದೆ ಎಂದು ನಗುತ್ತಾರೆ. ಅವರ ಮಾತನ್ನು ನಾನು ಕನ್ನಡದಲ್ಲಿಯೇ ಬರೆಯುತ್ತೇನೆ.

ಕೋಣೆ ತೋರಿಸಿದರು. ಗೋಡೆಗೆಲ್ಲ ಹಳೆಯ ಉಣ್ಣೆ ಕಂಬಳಿಗಳನ್ನು ಮೊಳೆ ಹೊಡೆದು ಹಾಸಿದ್ದರು, ಸದ್ದು ಹೊರಗೆ ಹೋಗದಿರಲೆಂದು. ಮೇಜಿನ ಮೇಲೆ ಕಬ್ಬಿಣದ ಟೇಪ್ ರೆಕಾರ್ಡರ್, ಇಬ್ಬರು ಸೇರಿದರೂ ಎತ್ತಲಾಗದ್ದು. ಎಡಗಡೆ ಖಾಲಿ ಚಕ್ರ, ಬಲಗಡೆ ಟೇಪು ತುಂಬಿದ ಚಕ್ರ. ಇದನ್ನು ನೆನಪಿಟ್ಟುಕೊಳ್ಳಿ. ಟೇಪು ಬಲಗಡೆ ಇತ್ತು.

ಕಸುಬಿನ ಚಟ, ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದೆ. ಚಕ್ರ ತಿರುಗಿಸುವ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗಾಗಿತ್ತು. ಬೆರಳಿಗೆ ಅಂಟಿದ್ದು ಸೋಪು ಹಾಕಿದರೂ ಹೋಗಲಿಲ್ಲ. ಪ್ಲಗ್ಗು ಹಳೆಯ ಕಾಲದ ದಪ್ಪ ಉರುಟು ಮುಳ್ಳಿನದು; ಈಗ ಆ ಮನೆಯ ಯಾವ ಸಾಕೆಟ್ಟಿಗೂ ಕೂರುವಂಥದ್ದಲ್ಲ. ಯಂತ್ರ ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಟೀಚರು ಪಾರ್ಶ್ವವಾಯು ಬಡಿಯುವವರೆಗೂ ದಿನಾ ಸಂಜೆ ಅದರ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದರಂತೆ. ಏನು ಕೇಳುತ್ತಿದ್ದರೋ.

ಊಟಕ್ಕೆ ಗಂಜಿ, ಹೆಸರುಕಾಳಿನ ಪಲ್ಯ, ಹಪ್ಪಳ. ಉಣ್ಣುವಾಗ ಚೇಚಿ ಕಪಾಟಿನ ಮೇಲಿದ್ದ ಒಂದು ಕಂಚಿನ ಬಟ್ಟಲನ್ನು ತೋರಿಸಿದರು. ಅದು ಅವರ ಅಣ್ಣನದು. ಸಣ್ಣವನಿರುವಾಗಲೇ ಜ್ವರ ಬಂದು ತೀರಿಕೊಂಡನಂತೆ. ಕೊನೆಯ ದಿನ ಅಮ್ಮ ಗಂಜಿ ಕುಡಿಸುವಾಗ ಆ ಬಟ್ಟಲು ಅವನ ಕೈತಪ್ಪಿ ನೆಲಕ್ಕೆ ಬಿತ್ತು. ಆಮೇಲೆ ಅವನು ಏನನ್ನೂ ಹಿಡಿಯಲಿಲ್ಲ.

"ಅವನು ಹೋದ ಮೇಲೆ ಅಮ್ಮ ಆ ಬಟ್ಟಲನ್ನು ಬಡಿದು ಬಡಿದು ಟೇಪು ಮಾಡುತ್ತಿದ್ದರು" ಎಂದರು ಚೇಚಿ. "ನಾನು ಕಿವಿ ಮುಚ್ಚಿಕೊಂಡು ಮಲಗುತ್ತಿದ್ದೆ."

ಇನ್ನೊಂದು ವಿಷಯವನ್ನೂ ಹೇಳಿದರು, ಹಪ್ಪಳ ಮುರಿಯುತ್ತ, ನಗುನಗುತ್ತಲೇ. ಟೇಪು ಕೇಳಿ ಮುಗಿದ ಮೇಲೆ ಅದನ್ನು ಹಿಂದಕ್ಕೆ ಸುತ್ತುವುದಕ್ಕೆ ಅಮ್ಮ ಬಿಡುತ್ತಿರಲಿಲ್ಲವಂತೆ. ಬಾಲ, ಎಂದರೆ ಟೇಪಿನ ಕೊನೆಯ ತುದಿ, ಹೊರಗಿರುವ ಹಾಗೆಯೇ ತೆಗೆದಿಡಬೇಕು, ಮುಂದಿನ ಸಲ ಕೇಳುವಾಗ ಮಾತ್ರ ಸುತ್ತಿಕೊಳ್ಳಬೇಕು. ಹಾಗಿಟ್ಟರೆ ಟೇಪು ಕೆಡುವುದಿಲ್ಲ ಎನ್ನುತ್ತಿದ್ದರಂತೆ. ಒಮ್ಮೆ ಚೇಚಿ ಸಹಾಯ ಮಾಡೋಣವೆಂದು ಸುತ್ತಿಟ್ಟದ್ದಕ್ಕೆ ಕೆನ್ನೆಗೆ ಬಿದ್ದಿತ್ತು.

ನಾನೂ ನಕ್ಕೆ. ಗಂಜಿ ಉಂಡೆ, ಕೈ ತೊಳೆದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಬೇಕಾಗಿತ್ತು.

ಮಲಗಲು ಟೀಚರ ಕೋಣೆಯನ್ನೇ ಕೊಟ್ಟರು. ಗೋಡೆಯ ಆಚೆ ಆ ಹಿತ್ತಲ ಕೋಣೆ. ದಿಂಬಿಗೆ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ರಸ್ತೆಯಲ್ಲಿ ಹುಡುಗರ ಬೈಕುಗಳ ಸದ್ದು ಕಡಿಮೆಯಾಗುತ್ತ ಬಂತು, ಆಮೇಲೆ ಒಂದು ನಾಯಿ, ಆಮೇಲೆ ಅದೂ ಇಲ್ಲ. ಫ್ಯಾನು ಟಕ್ ಟಕ್ ಎನ್ನುತ್ತಿತ್ತು. ಯಾವಾಗ ನಿದ್ದೆ ಹತ್ತಿತೋ ತಿಳಿಯದು.

ಎಚ್ಚರವಾದದ್ದು ಒಂದು ಕೀರಲು ಸದ್ದಿಗೆ.

ಸಣ್ಣಗೆ ಸುರುವಾಗಿ, ಏರುತ್ತ, ಏರುತ್ತ... ಆ ಸದ್ದು ನನಗೆ ಗೊತ್ತಿತ್ತು. ನಮ್ಮ ಸ್ಟುಡಿಯೋದಲ್ಲಿ ದಿನಾ ಕೇಳುತ್ತಿದ್ದೆ. ಟೇಪನ್ನು ವೇಗವಾಗಿ ಹಿಂದಕ್ಕೆ ಸುತ್ತುವ ಸದ್ದು. ಗೋಡೆಯ ಆಚೆಯಿಂದ ಬರುತ್ತಿತ್ತು. ಕೊನೆಗೆ ಟೇಪಿನ ತುದಿ ಬಿಡಿಸಿಕೊಂಡು ಪಟಪಟಪಟ ಎಂದು ಹೊಡೆದುಕೊಂಡಿತು. ನಿಂತಿತು.

ಚೇಚಿ ಎದ್ದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗಲೇ ಪಕ್ಕದ ಕೋಣೆಯಿಂದ ಅವರ ಗೊರಕೆ ಕೇಳಿಸುತ್ತಿತ್ತು. ಎದ್ದು ಹೋಗಲು ಕಾಲು ಬರಲಿಲ್ಲ. ಕೈಗೆ ಸಿಕ್ಕ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದೆ. ಹೆದರಿಕೆಯಾದಾಗಲೂ ಕೈ ತನ್ನ ಕಸುಬನ್ನೇ ಮಾಡುತ್ತದೆ.

ಖಟ್ ಎಂದು ಒಂದು ಗುಂಡಿ ಒತ್ತಿದ ಸದ್ದು. ಸಣ್ಣಗೆ ಸುಯ್ ಎನ್ನುವ ಟೇಪಿನ ಉಸಿರು. ಆಮೇಲೆ, ತೀರಾ ಸ್ಪಷ್ಟವಾಗಿ, ಗೋಡೆಯ ಆಚೆ ಕೂತು ಹೇಳಿದ ಹಾಗೆ, ಒಂದು ಹೆಣ್ಣು ದನಿ...

"ಇಲ್ಲಿಂದ ಸುರು."

ನಮ್ಮ ಕಡೆಯ ಕನ್ನಡ. ನನ್ನ ಅಮ್ಮ ಹೇಳುವ ಹಾಗೆ, ನನ್ನ ಶಾಲೆಯ ಟೀಚರು ಪಾಠ ತೆಗೆಯುವಾಗ ಹೇಳುತ್ತಿದ್ದ ಹಾಗೆ.

ಅದರ ಬೆನ್ನಿಗೇ ಕಂಚು ಬಿತ್ತು. ಠಣ್ ಎಂದು ಬಿದ್ದು, ನೆಲದ ಮೇಲೆ ಉರುಳಿ, ದನಿ ಎಳೆದು ಎಳೆದು ತೆಳುವಾಗುತ್ತ ಹೋಯಿತು. ಅದರೊಳಗಿನಿಂದ ಆಸಿಲೇಟರಿನ ದನಿಗಳು ಒಂದೊಂದಾಗಿ ಬಿಡಿಸಿಕೊಂಡು ದೂರ ಹೋದವು. ಎಲ್ಲೋ ಒಂದು ರೈಲು ಹೋಯಿತು, ಬರಲಿಲ್ಲ, ಹೋಯಿತು. ಉಳಿದ ಒಂದೇ ಒಂದು ಸಣ್ಣ ಸ್ವರವನ್ನು ಯಾರೋ ಬಿಡಲಾರದೆ ಹಿಡಿದುಕೊಂಡಿದ್ದ ಹಾಗಿತ್ತು. ಅದೂ ಕೈಜಾರುತ್ತಿತ್ತು...

ನನಗೆ ಅಳು ಬಂತು. ಹೆದರಿಕೆಗಲ್ಲ. ಈ ಸಂಗೀತವನ್ನು ನಾನು ಬಲ್ಲೆ. ವಾರಗಟ್ಟಲೆ ತೊಳೆದಿದ್ದೇನೆ. ಇದು ಉದಯಂ. ನಾವು ಮುಗಿಸುವಲ್ಲಿ ಇದು ಸುರುವಾಗುತ್ತಿತ್ತು, ನಾವು ಸುರು ಮಾಡುವಲ್ಲಿ ಇದು ಮುಗಿಯುತ್ತಿತ್ತು. ಮಂತ್ರ ಎಂದು ಹೊರದೇಶದವನು ಪುಟ ತುಂಬಿಸಿದ ಆ ಎರಡು ಶಬ್ದ, ನನ್ನ ಮನೆಮಾತು ತಿರುಗಿಬಿದ್ದದ್ದು.

ಆಗ ಹಪ್ಪಳ ಮುರಿಯುತ್ತ ಚೇಚಿ ಹೇಳಿದ್ದು ನೆನಪಾಯಿತು. ಬಾಲ ಹೊರಗಿರುವ ಹಾಗೆಯೇ ತೆಗೆದಿಡಬೇಕು. ಟೀಚರು ಸುತ್ತದೆ ಇಟ್ಟ ಸುರುಳಿಗಳನ್ನು ಜೋಬಿ ಸಾರ್ ಹಾಗೆಯೇ ಮೆಷಿನಿಗೆ ಏರಿಸಿ, ಕೊನೆಯಿಂದ ಮೊದಲಿಗೆ ಇಳಿಸಿಬಿಟ್ಟಿದ್ದರು. ಹಾಡಾಗಿದ್ದರೆ ಚಿಕ್ಕ ಮಗುವಿಗೂ ಕೂಡಲೇ ತಿಳಿಯುತ್ತಿತ್ತು. ಇಂಥ ಸಂಗೀತ ತಿರುಗಾಮುರುಗಾ ಆದದ್ದು ಯಾರಿಗೆ ತಿಳಿಯಬೇಕು?

ಒಬ್ಬರಿಗೆ ತಿಳಿದಿತ್ತು. ಗಾಲಿ ಕುರ್ಚಿಯಲ್ಲಿ ಕೂತು, ಬೆರಳು ತಿರುಗಿಸಿ ತಿರುಗಿಸಿ ಹೇಳಿದ್ದರು. ಸುತ್ತಿ. ಹಿಂದಕ್ಕೆ ಸುತ್ತಿ. ಮಗ ಸತ್ತ ಸದ್ದನ್ನು ನಾವು ಸೂರ್ಯ ಹುಟ್ಟುವ ಸದ್ದು ಎಂದು ಅವರ ಮುಂದೆಯೇ ಹಾಕಿ ಚಪ್ಪಾಳೆ ತಟ್ಟಿದೆವು. ಸಾಲದೆಂದು ಎರಡನೆಯ ಸಲವೂ ಹಾಕಿದೆವು.

ಎದ್ದೆ. ಈಗ ಕಾಲು ಬಂತು. ಹಜಾರ ದಾಟಿ ಹಿತ್ತಲ ಕೋಣೆಯ ಬಾಗಿಲ ಮುಂದೆ ನಿಂತೆ. ಬಾಗಿಲ ಸಂದಿನಿಂದ ವಿನಿಗರ್ ವಾಸನೆ, ಅದರ ಜೊತೆಗೆ ಬಿಸಿಯಾದ ಧೂಳಿನ ವಾಸನೆ, ಹಳೆಯ ರೇಡಿಯೋ ಹಚ್ಚಿದಾಗ ಬರುತ್ತಿತ್ತಲ್ಲ, ಅದು. ಒಳಗೆ ಸ್ವರ ಇನ್ನೂ ಇತ್ತು. ಬಾಗಿಲು ತಳ್ಳಿದೆ.

ಮೊಬೈಲಿನ ಬೆಳಕು ಯಂತ್ರದ ಮೇಲೆ ಬಿತ್ತು. ಚಕ್ರಗಳು ತಿರುಗುತ್ತಿರಲಿಲ್ಲ. ಸ್ವರ ಮಾತ್ರ ಬರುತ್ತಲೇ ಇತ್ತು, ಯಂತ್ರದಿಂದಲ್ಲ, ಆ ಕಂಬಳಿಗಳಿಂದ, ನಾಲ್ಕೂ ಗೋಡೆಗಳಿಂದ. ತೆಳುವಾಗಿ, ತೆಳುವಾಗಿ, ಇದೆಯೋ ಇಲ್ಲವೋ ಎಂಬಂತಾಗಿ ಆರಿಹೋಯಿತು. ಪ್ಲಗ್ಗು ಸಂಜೆ ಇದ್ದಲ್ಲೇ ನೆಲದ ಮೇಲೆ ಬಿದ್ದಿತ್ತು.

ಸಂಜೆ ಗೋಡೆಯ ಬದಿಗಿದ್ದ ಕುರ್ಚಿ ಮಾತ್ರ ಮೇಜಿನ ಹತ್ತಿರಕ್ಕೆ ಬಂದಿತ್ತು.

ಆಗ ಬೆನ್ನ ಹಿಂದೆ, ಕಿವಿಯ ಹತ್ತಿರ, ಉಸಿರಿನಷ್ಟೇ ಸಣ್ಣಗೆ...

"ಕೇಳಿತಾ?"

ತಿರುಗಿ ನೋಡುವ ಧೈರ್ಯ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ತಿರುಗಲಿಲ್ಲ. "ಕೇಳಿತು ಟೀಚರ್" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಿತ್ತು. ಆಮೇಲೆ ಏನೂ ಇಲ್ಲ. ಚೇಚಿಯ ಗೊರಕೆ, ಫ್ಯಾನಿನ ಟಕ್ ಟಕ್. ಯಂತ್ರದ ಮುಚ್ಚಳದ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಬೆಳಕು ಸರಿಯಾಗಿ ಹಿಡಿದು ನೋಡಿದೆ. ಬಲಗಡೆಯ ಚಕ್ರ ಖಾಲಿ. ಹಿಂದಕ್ಕೆ ಸುತ್ತಿ ಟೇಪೆಲ್ಲ ಎಡಗಡೆಗೆ ಬಂದಿತ್ತು.

ಬೆಳಗಿನವರೆಗೆ ಹಜಾರದ ದೀಪ ಹಾಕಿಕೊಂಡು ಕೂತೆ. ಚೇಚಿ ಎದ್ದು ಬಂದು, ಮೊದಲು ನನ್ನನ್ನೂ ಆಮೇಲೆ ತೆರೆದ ಬಾಗಿಲನ್ನೂ ನೋಡಿದರು. ಯಂತ್ರ ನೋಡಿದವರೇ ಬಾಗಿಲಲ್ಲಿಯೇ ನಿಂತರು.

"ನೀನಾ ಸುತ್ತಿದ್ದು?"

"ಅಲ್ಲ ಚೇಚಿ."

ಚೇಚಿ ಕೆನ್ನೆಯ ಮೇಲೆ ಕೈ ಇಟ್ಟುಕೊಂಡೇ ಚಹಾ ಮಾಡಲು ಹೋದರು. ಒಳಗೆ ಕಾಲಿಡಲಿಲ್ಲ. ಸುರುಳಿಯನ್ನು ನಾನೇ ತೆಗೆದು ಬಟ್ಟೆಯಲ್ಲಿ ಸುತ್ತಿಕೊಂಡೆ. ಚೇಚಿಯೇ ನಿದ್ದೆಗಣ್ಣಿನಲ್ಲಿ ಕೈಯಿಂದ ಸುತ್ತಿರಬಹುದು ಎಂದು ನೀವು ಹೇಳಬಹುದು. ಹೇಳಿ. ನಾನೂ ರೈಲಿನುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ.

ಮೊಬೈಲಿನ ರೆಕಾರ್ಡಿಂಗನ್ನು ರೈಲಿನಲ್ಲಿಯೇ ಕೇಳಿದೆ. ಫ್ಯಾನು ಇದೆ, ಗೊರಕೆ ಇದೆ, ನನ್ನ ಹೆಜ್ಜೆ ಇದೆ, ಬಾಗಿಲು ಕಿರುಗುಟ್ಟಿದ್ದು ಇದೆ. ಸಂಗೀತ ಇಲ್ಲ. "ಕೇಳಿತಾ" ಇಲ್ಲ. ಯಾರೂ ಕೇಳದೆ ನಾನೊಬ್ಬಳೇ "ಕೇಳಿತು ಟೀಚರ್" ಎನ್ನುತ್ತಿದ್ದೇನೆ.

ಸ್ಟುಡಿಯೋದಲ್ಲಿ ಯಾರೂ ಬರುವ ಮೊದಲೇ ಆ ಸುರುಳಿಯನ್ನು ಮೆಷಿನಿಗೆ ಹಾಕಿದೆ. ಎಡಗಡೆಯಿಂದ ಬಲಗಡೆಗೆ, ಟೀಚರು ಕೊಟ್ಟ ಹಾಗೆಯೇ. "ಇಲ್ಲಿಂದ ಸುರು" ಎಂದರು ಟೀಚರು. ಬಟ್ಟಲು ಬಿತ್ತು. ರಾತ್ರಿ ಕೇಳಿದ್ದೇ ಪ್ರತಿ ಸ್ವರವೂ; ಉದಯಂನದೇ ಇನ್ನೊಂದು ಪ್ರತಿ ಅದು. ಆಮೇಲೆ ನಾವು ಮೊದಲು ಇಳಿಸಿದ್ದ ಫೈಲುಗಳನ್ನು ಒಂದೊಂದಾಗಿ ತಿರುಗಿಸಿದೆ. ಎಲ್ಲದರ ತಲೆಯಲ್ಲಿಯೂ ಅದೇ ದನಿ, ಅದೇ ಎರಡು ಶಬ್ದ, ಪಾಠ ಸುರು ಮಾಡುವ ಟೀಚರದು. ಒಂದೇ ಒಂದನ್ನೂ ನಾವು ಸರಿಯಾಗಿ ಕೇಳಿರಲಿಲ್ಲ.

ಜೋಬಿ ಸಾರ್ ಬಂದಾಗ ಕೂರಿಸಿ ಕೇಳಿಸಿದೆ. ಕೆಟ್ಟ ಮನುಷ್ಯನಲ್ಲ ಅವರು. ಮುಖ ಬಿಳಿಚಿತು. ಎದ್ದು ಕಿಟಕಿಯ ಬಳಿಗೆ ಹೋದರು. ಆಮೇಲೆ ತಿರುಗಿ, ತಗ್ಗಿದ ದನಿಯಲ್ಲಿ ವ್ಯವಹಾರ ಮಾತಾಡಿದರು. ಆಲ್ಬಮ್ ಹೋಗಿಯಾಗಿದೆ, ಉತ್ಸವಗಳವರು ಕರೆಯುತ್ತಿದ್ದಾರೆ, ಜನ ಮೆಚ್ಚಿದ್ದು ಇದನ್ನು, ಈಗ ತಪ್ಪಾಯಿತು ಎಂದರೆ ನಮ್ಮ ಮಾನದ ಜೊತೆಗೆ ಟೀಚರ ಹೆಸರೂ ಹೋಗುತ್ತದೆ, ನಗೆಪಾಟಲು. ಅಷ್ಟಕ್ಕೂ ಟೀಚರು ಎದ್ದು ಬಂದು ಕೇಳುವುದಿಲ್ಲವಲ್ಲ ಎಂದರು.

"ಬಂದಿದ್ದರು ಸಾರ್" ಎಂದೆ.

ತಮಾಷೆ ಎಂದುಕೊಂಡು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, ನಿನಗೆ ನಾಲ್ಕು ದಿನ ರಜೆ ಬೇಕು ಎಂದರು.

ಕೋಣನ ಮುಂದೆ ಕಿನ್ನರಿ ಬಾರಿಸಿ ಫಲವಿಲ್ಲ ಎಂದು ಸರಿಯಾದ ಪ್ರತಿಯನ್ನು ನಾನೇ ಇಂಟರ್ನೆಟ್ಟಿಗೆ ಏರಿಸಿದೆ. ಹೆಸರು ಇಡಲಿಲ್ಲ, "ಸತ್ಯವತಿ ಟೀಚರು ಮಾಡಿದ್ದು, ಮೊದಲಿನಿಂದ ಕೊನೆಗೆ" ಎಂದಷ್ಟೇ ಬರೆದೆ. ಕೇಳಿದವರು ಬೆರಳೆಣಿಕೆ. ಅವರಲ್ಲಿ ಒಬ್ಬ ಕೆಳಗೆ ಬರೆದ: ಒಬ್ಬ ಮಹಾನ್ ಕಲಾವಿದೆಯ ಕೃತಿಯನ್ನು ಹೀಗೆ ತಿರುಗಾಮುರುಗಾ ಮಾಡಿ ಹಾಳು ಮಾಡುವುದಕ್ಕೆ ನಾಚಿಕೆಯಾಗಬೇಕು, ಮೂಲವನ್ನು ಗೌರವಿಸಲು ಕಲಿಯಿರಿ. ಅದಕ್ಕೆ ಉಳಿದವರೆಲ್ಲ ಹೌದು ಹೌದು ಎಂದಿದ್ದರು. ಮರುವಾರ ನಮ್ಮ ಸ್ಟುಡಿಯೋದವರೇ ಹಕ್ಕು ತಮ್ಮದೆಂದು ದೂರು ಕೊಟ್ಟು ಅದನ್ನು ತೆಗೆಸಿದರು. ಆ ಕೆಲಸ ಬಿಟ್ಟು ಬಂದೆ.

ಉಳಿದದ್ದು ಚೇಚಿ ಒಬ್ಬರೇ. ಮಗಳು ಒಂದು ಮಾತು ಹೇಳಿದರೆ ಯಾರೂ ಇಲ್ಲ ಎನ್ನಲಾರರು ಎಂದು ಫೈಲನ್ನು ಅವರಿಗೆ ಕಳಿಸಿದೆ. ಎರಡು ದಿನ ಸದ್ದಿಲ್ಲ. ಆಮೇಲೆ ಫೋನು ಬಂತು. ಆ ಕಡೆಯಿಂದ ಗೋಡೆಗೆ ಪೈಂಟು ಬಳಿದ ಕೋಣೆಯಲ್ಲಿ ಹುಡುಗಿಯರು ನಗುವುದು ಕೇಳಿಸುತ್ತಿತ್ತು.

"ಪೂರ್ತಿ ಕೇಳಲಿಕ್ಕೆ ಆಗಲಿಲ್ಲ ಮೋಳೆ" ಎಂದರು ಚೇಚಿ. ಮೊದಲ ಸಲ ಕನ್ನಡದಲ್ಲಿ, ತಡವರಿಸುತ್ತ. "ಬಟ್ಟಲು ಬಿದ್ದ ಕೂಡಲೇ ಬಂದ್ ಮಾಡಿದೆ. ಈಗ ಎಲ್ಲರೂ ಉದಯಂ, ಉದಯಂ ಹೇಳಿ ಬರ್ತಾರೆ, ಅಮ್ಮನ ಫೋಟೋಕ್ಕೆ ಹೂ ಹಾಕ್ತಾರೆ. ತಿರುಗಿಸಿದ್ರೆ ಪುನಃ ಅಣ್ಣ ಸಾಯ್ತಾನೆ. ಅದು ಹಾಗೇ ಇರ್ಲಿ. ಬಿಡು."

ಆ ಸದ್ದಿಗೆ ಚಿಕ್ಕಂದಿನಿಂದ ಕಿವಿ ಮುಚ್ಚಿಕೊಂಡು ಮಲಗಿದವರು ಅವರು. ಆಯ್ತು ಚೇಚಿ ಎಂದೆ. ಬಿಟ್ಟೆ.

ನಾನು ಬಿಟ್ಟೆ.

ಕೊಚ್ಚಿಯ ಅಂಚಿನ ತ್ರಿಪ್ಪುಣಿತ್ತುರದಲ್ಲಿ, ಮೆಟ್ರೋದ ಕೊನೆಯ ನಿಲ್ದಾಣದ ಹತ್ತಿರ, ನಾನೂ ಧಾರವಾಡದ ಶಬಾನಾಳೂ ಒಂದೇ ರೂಮಿನಲ್ಲಿದ್ದೇವೆ. ಅವಳು ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ, ತಡವಾಗಿ ಮಲಗುತ್ತಾಳೆ. ಈ ವಿಷಯವನ್ನೆಲ್ಲ ಅವಳಿಗೆ ನಾನು ಹೇಳಿಲ್ಲ, ಟೀಚರ ಹೆಸರನ್ನು ಕೂಡ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕೇಳಿದಳು:

"ನಿದ್ದಿಯೊಳಗ ಎಡಗೈ ಯಾಕ ಹಂಗ ತಿರಗಸ್ತೀ ನೀ? ರಾತ್ರೆಲ್ಲಾ?"

ಮೊಬೈಲಿನಲ್ಲಿ ಹಿಡಿದದ್ದನ್ನು ತೋರಿಸಿದಳು. ಕತ್ತಲಲ್ಲಿ ನಾನು ಅಂಗಾತ ಮಲಗಿದ್ದೇನೆ, ಬಾಯಿ ಸ್ವಲ್ಪ ತೆರೆದಿದೆ, ಗಾಢ ನಿದ್ದೆ. ಎಡಗೈ ತೋರುಬೆರಳು ಮೇಲೆದ್ದು, ಗಡಿಯಾರದ ಮುಳ್ಳಿನ ದಿಕ್ಕಿಗೆ, ಒಂದೇ ಸಮನೆ ಸುತ್ತುತ್ತಿದೆ. ನಾನು ಎಡಚಿ ಅಲ್ಲ.

ಈಗ ಮಲಗುವ ಮೊದಲು ಎಡಗೈಯನ್ನು ದುಪಟ್ಟಾದಿಂದ ಮಂಚದ ಕಾಲಿಗೆ ಕಟ್ಟಿಕೊಳ್ಳುತ್ತೇನೆ. ಬೆಳಿಗ್ಗೆ ಗಂಟು ಬಿಚ್ಚಿರುತ್ತದೆ. ಕತ್ತಲಲ್ಲಿ, ಶಬಾನಾಳಿಗೆ ಕೇಳಿಸದ ಹಾಗೆ, ಹೇಳಿಯೂ ನೋಡಿದ್ದೇನೆ: ಟೀಚರ್, ನನಗೆ ತಿಳಿಯಿತು, ಸುತ್ತಿ ಆಯಿತು, ಸರಿಯಾಗಿಯೇ ಹಾಕಿದೆ, ಕೇಳುವವರು ಇಲ್ಲ...

ಬೆರಳು ನಿಲ್ಲುವುದಿಲ್ಲ.